‘ಯಾಕೆಂದರೆ’ ಅಂತ ಬರೆದು ಪೆನ್ನು ನಿಂತಾಗ

ನನ್ನ ಅಪ್ಪ ಉಡುಪಿ ಕಡೆಯಿಂದ ಮುಂಬೈಗೆ ಬಂದದ್ದು 13ನೇ ವಯಸ್ಸಿನಲ್ಲಿ. ಹಗಲು ದಕ್ಷಿಣ ಮುಂಬೈಯ ಫೋರ್ಟ್ ಪ್ರದೇಶದ ಒಂದು ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಕರಾವಳಿಯಿಂದ ಬಂದ ಎಷ್ಟೋ ಹುಡುಗರು ಈ ಊರಿನಲ್ಲಿ ಓದು ಮುಂದುವರಿಸಿದ್ದು ಹೀಗೆಯೇ. ಅಪ್ಪನ ಅಕ್ಷರ ದುಂಡಗಿತ್ತು. ಹಾಗಾಗಿ ಓದು ಬರಹ ಬಾರದ ಹುಡುಗರಿಗೆ ಕಾಗದ ಬರೆದುಕೊಡುವ ಕೆಲಸ ಅವರ ಪಾಲಿಗೆ ಬಂತು. ರಾತ್ರಿ ಹೋಟೆಲು ಮುಚ್ಚಿ, ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಎತ್ತಿಟ್ಟ ಮೇಲೆ ಇನ್‌ಲ್ಯಾಂಡ್ ಲೆಟರ್ ಬಿಚ್ಚಿಕೊಂಡು ಕೂರುತ್ತಿದ್ದರು. ಹೆಚ್ಚಿನ ಕಾಗದಗಳೆಲ್ಲ ಒಂದೇ ಥರ. ‘ನಾನು ಇಲ್ಲಿ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ. ಹಣ ಕಳಿಸಿದ್ದೇನೆ, ಸಿಕ್ಕಿದ್ದಕ್ಕೆ ತಿಳಿಸಿ.’

ಒಂದು ರಾತ್ರಿ ಕುಂದಾಪುರ ಕಡೆಯ ಹುಡುಗನೊಬ್ಬ ಬಂದು, ‘ಗದ್ದೆ ಮಾರೂದ್ ಬ್ಯಾಡ ಅಂದೇಳಿ ಅಣ್ಣನಿಗೆ ಬರಿ’ ಅಂದ. ಅಪ್ಪ ಬರೆದರು. ಒಂದೇ ಸಾಲು. ಉಳಿದ ಹಾಳೆ ಪೂರ್ತಿ ಖಾಲಿ.

‘ಎಂತಕ್ಕೆ ಮಾರಬಾರದು? ನಿನ್ನ ಅಣ್ಣ ಕೇಳುವುದಿಲ್ವಾ?’ ಅಂತ ಅಪ್ಪ ಕೇಳಿದರು.

ಹುಡುಗ ಬಾಯಿ ತೆರೆದ, ಮುಚ್ಚಿದ. ‘ಬ್ಯಾಡ ಅಂದ್ರೆ ಬ್ಯಾಡ’ ಅಂದ. ಅಪ್ಪ ಆ ಸಾಲಿನ ಮುಂದೆ ‘ಯಾಕೆಂದರೆ’ ಅಂತ ಬರೆದು ಪೆನ್ನು ಹಿಡಿದು ಕಾದರು. ಹುಡುಗನಿಗೆ ಏನೂ ಹೇಳಲಾಗಲಿಲ್ಲ. ಎದ್ದು ಹೋದ. ಕಾಗದ ಎರಡು ದಿನ ಅಷ್ಟರಲ್ಲೇ ನಿಂತಿತ್ತು. ಮೂರನೇ ದಿನ ಅವನೇ ಬಂದ. ಪಾತ್ರೆ ತಿಕ್ಕುವಾಗೆಲ್ಲ ಅದನ್ನೇ ಯೋಚಿಸುತ್ತಿದ್ದನಂತೆ. ಅವನು ಹೇಳಿದ್ದನ್ನು ಅಪ್ಪ ಹಾಗೆಯೇ ಬರೆದರು. ಯಾಕೆಂದರೆ, ಸಾಲ ತೀರಿಸಲಿಕ್ಕೆ ಮಾರುವುದಾದರೆ ತಿಂಗಳಿಗೆ 15 ರೂಪಾಯಿ ನಾನು ಕಳಿಸುತ್ತೇನೆ. ಯಾಕೆಂದರೆ, ಆ ಗದ್ದೆ ಹೋದರೆ ನನಗೆ ವಾಪಸ್ ಬರಲಿಕ್ಕೆ ಜಾಗವೇ ಇರುವುದಿಲ್ಲ.

ಅಪ್ಪ ಈ ಕತೆಯನ್ನು ನನಗೆ ಎಷ್ಟೋ ಸಲ ಹೇಳಿದ್ದಾರೆ. ಜನ ಯಾಕೆ ಬರೆಯುತ್ತಾರೆ, ತಮ್ಮ ಅಭಿಪ್ರಾಯವನ್ನು ಬರೆದು ಇನ್ನೊಬ್ಬರ ಮುಂದೆ ಯಾಕೆ ಇಡುತ್ತಾರೆ ಅನ್ನುವ ಪ್ರಶ್ನೆ ಬಂದಾಗ ನನಗೆ ಮೊದಲು ನೆನಪಾಗುವುದು ಎರಡು ದಿನ ಅರ್ಧಕ್ಕೆ ನಿಂತಿದ್ದ ಆ ಇನ್‌ಲ್ಯಾಂಡ್ ಲೆಟರ್. ಮೊದಲ ರಾತ್ರಿ ಆ ಹುಡುಗನ ಹೊಟ್ಟೆಯಲ್ಲಿ ಸಂಕಟವಿತ್ತು. ಅಭಿಪ್ರಾಯ ಇನ್ನೂ ಇರಲಿಲ್ಲ. ಅದು ಹುಟ್ಟಿದ್ದು ಬರೆಸಲು ಕೂತ ಮೇಲೆ.

ನಾವು ಸಾಮಾನ್ಯವಾಗಿ ಇದನ್ನು ತಿರುಗಿಸಿ ತಿಳಿದುಕೊಂಡಿರುತ್ತೇವೆ. ಅಭಿಪ್ರಾಯ ತಲೆಯಲ್ಲಿ ಮೊದಲೇ ಸಿದ್ಧವಾಗಿರುತ್ತದೆ, ಕಾಗದಕ್ಕೆ ಇಳಿಸಿದರೆ ಆಯಿತು ಅಂದುಕೊಳ್ಳುತ್ತೇವೆ. ಆದರೆ ಬರೆಯಲು ಕೂತವರಿಗೆಲ್ಲ ಒಂದು ಅನುಭವ ಆಗಿರುತ್ತದೆ. ತಲೆಯಲ್ಲಿ ಅಷ್ಟು ಚೆನ್ನಾಗಿದ್ದದ್ದು ಹಾಳೆಯ ಮೇಲೆ ಎರಡು ಸಾಲಿಗೆ ಮುಗಿದುಹೋಗುತ್ತದೆ. ‘ನನಗೆ ಬರೆಯಲು ಬರುವುದಿಲ್ಲ’ ಅಂತ ಎದ್ದುಬಿಡುತ್ತೇವೆ. ನಿಜ ಏನೆಂದರೆ ತಲೆಯಲ್ಲಿ ಇದ್ದದ್ದೂ ಎರಡೇ ಸಾಲು. ಅದರ ಸುತ್ತ ಇದ್ದದ್ದು ಸಿಟ್ಟೋ, ದುಃಖವೋ, ಖುಷಿಯೋ.

ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ‘ಆ ಶಾಲೆ ಮುಚ್ಚಿತು’ ಅನ್ನುವುದು ಸಂಗತಿ. ಹೋಗಿ ನೋಡಿದರೆ ಗೊತ್ತಾಗುತ್ತದೆ. ‘ನನಗೆ ಬೇಜಾರಾಯಿತು’ ಅನ್ನುವುದು ಭಾವನೆ. ಅದನ್ನು ಯಾರೂ ಸುಳ್ಳು ಅನ್ನುವ ಹಾಗಿಲ್ಲ. ‘ಆ ಶಾಲೆ ಮುಚ್ಚಬಾರದಿತ್ತು’ ಅನ್ನುವುದು ಅಭಿಪ್ರಾಯ. ಇದು ಸಂಗತಿಯ ಮೇಲೆ ಒಂದು ಕಾಲು, ಭಾವನೆಯ ಮೇಲೆ ಒಂದು ಕಾಲು ಇಟ್ಟು ನಿಂತಿರುತ್ತದೆ. ಇನ್ನೊಬ್ಬರು ಒಪ್ಪಬಹುದು, ಒಪ್ಪದೆ ಇರಬಹುದು. ಒಪ್ಪದವರ ಜೊತೆಗೂ ಮಾತು ಮುಂದುವರಿಯಬೇಕಾದರೆ ನಮಗೆ ಬೇಕಾಗುವುದು ಆ ‘ಯಾಕೆಂದರೆ’.

ಮಾತಿನಲ್ಲಿ ಅದನ್ನು ಹಾರಿಸಿಬಿಡಬಹುದು. ನಾನು ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವವನು. ದಿನಾ ಒಂದೇ ಡಬ್ಬಾದಲ್ಲಿ ಹತ್ತುವ ನಮ್ಮದೊಂದು ಗುಂಪಿದೆ. ಹಳೆ ಕಟ್ಟಡ ಕೆಡವಿ ಹೊಸದು ಕಟ್ಟುವ ಮಾತು ಬಂದರೆ ಯಾರೋ ಒಬ್ಬರು, ‘ಈ ರೀಡೆವಲಪ್‌ಮೆಂಟ್ ಎಲ್ಲ ಬಿಲ್ಡರ್ ಹೊಟ್ಟೆ ತುಂಬಿಸಲಿಕ್ಕೆ, ಗೊತ್ತಲ್ವಾ’ ಅನ್ನುತ್ತಾರೆ. ಹುಬ್ಬು ಏರಿಸುತ್ತಾರೆ, ಕೈ ಬೀಸಲು ಜಾಗ ಇದ್ದರೆ ಬೀಸುತ್ತಾರೆ. ನಾವು ನಾಲ್ಕು ಜನ ತಲೆಯಾಡಿಸುತ್ತೇವೆ. ಥಾಣೆ ಸ್ಟೇಷನ್ ಬರುವ ಹೊತ್ತಿಗೆ ಮಾತು ಬೇರೆ ಕಡೆ ಹೋಗಿರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆ ಮಾತಿನಿಂದ ನಮ್ಮ ಗುಂಪು ಗುಂಪಾಗಿ ಉಳಿದಿದೆ. ಆದರೆ ಅದೇ ಮಾತನ್ನು ಬರೆದು ನೋಡಿ. ಹುಬ್ಬಿಲ್ಲ, ಕೈಯಿಲ್ಲ, ದನಿಯ ಏರಿಳಿತ ಇಲ್ಲ. ಓದುವವರು ಎಲ್ಲೋ ಇದ್ದಾರೆ, ನಿಮ್ಮ ಮುಖ ನೋಡಿಲ್ಲ. ಬಹುಶಃ ಅವರದ್ದೇ ಚಾಳು, ಅಂದರೆ ಸಾಲು ಕೋಣೆಗಳ ಹಳೆ ವಠಾರ, ರೀಡೆವಲಪ್ ಆಗಿ, ಕೊನೆಗೂ ಮನೆಯೊಳಗೇ ಒಂದು ಬಚ್ಚಲು ಸಿಕ್ಕಿದೆ. ಅವರಿಗೆ ‘ಗೊತ್ತಲ್ವಾ’ ಅಂದರೆ ಸಾಕಾಗುವುದಿಲ್ಲ.

ಇನ್ನೊಂದು ಕಾರಣ ನಮ್ಮ ತಲೆಯದ್ದೇ. ಒಂದು ಹೊತ್ತಿಗೆ ನಾವು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಹುದಾದ ಸಂಗತಿಗಳು ಬಹಳ ಕಡಿಮೆ, ಮೂರೋ ನಾಲ್ಕೋ. 347ನ್ನು 26ರಿಂದ ಗುಣಿಸಿ ಅಂದರೆ ಬಾಯಲ್ಲೇ ಮಾಡುವುದು ನಮ್ಮಲ್ಲಿ ಹೆಚ್ಚಿನವರಿಗೆ ಕಷ್ಟ. ಲೆಕ್ಕ ಗೊತ್ತಿಲ್ಲ ಅಂತಲ್ಲ. ಎರಡನೇ ಸಾಲು ಮಾಡುವಾಗ ಮೊದಲ ಸಾಲು ಮರೆತುಹೋಗುತ್ತದೆ. ಅದನ್ನೇ ಕಾಗದದ ಮೇಲೆ ಶಾಲೆಯ ಮಗುವೂ ಮಾಡುತ್ತದೆ. ವಾದವೂ ಹೀಗೇ. ಒಂದು ಕಾರಣ, ಅದಕ್ಕೆ ಎದುರು ಕಾರಣ, ಅದಕ್ಕೊಂದು ಉದಾಹರಣೆ, ಆ ಉದಾಹರಣೆ ಎಲ್ಲಿ ಸರಿಹೊಂದುವುದಿಲ್ಲ ಅನ್ನುವ ಮಾತು. ಇಷ್ಟನ್ನು ತಲೆಯೊಳಗೆ ಒಟ್ಟಿಗೆ ಹಿಡಿಯಲು ಆಗುವುದಿಲ್ಲ. ಕಾಗದ ಹಿಡಿದುಕೊಳ್ಳುತ್ತದೆ. ಆಗ ತಲೆಗೆ ಯೋಚಿಸಲು ಜಾಗ ಸಿಗುತ್ತದೆ.

2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು, ರೋಝೆನ್‌ಬ್ಲಿಟ್ ಮತ್ತು ಕೀಲ್, ಒಂದು ಸರಳ ಪ್ರಯೋಗದ ವಿವರ ಪ್ರಕಟಿಸಿದರು. ಝಿಪ್, ಕಮೋಡಿನ ಫ್ಲಶ್, ಬೀಗ, ಇಂಥ ವಸ್ತುಗಳು ಹೇಗೆ ಕೆಲಸ ಮಾಡುತ್ತವೆ ಅಂತ ನಿಮಗೆ ಎಷ್ಟು ಗೊತ್ತು ಅಂತ ಜನರನ್ನು ಕೇಳಿದರು. ಜನ ತಮಗೆ ತಾವೇ ಒಳ್ಳೆಯ ಅಂಕ ಕೊಟ್ಟುಕೊಂಡರು. ಸರಿ, ಈಗ ಅದನ್ನು ಹಂತ ಹಂತವಾಗಿ ಬರೆಯಿರಿ ಅಂದರು. ಬರೆದ ಮೇಲೆ ಮತ್ತೊಮ್ಮೆ ಅಂಕ ಕೇಳಿದರೆ ಅದು ಇಳಿದಿತ್ತು. ದಿನಾ ಬೀಗ ತೆಗೆದು ಹಾಕುವವರಿಗೆ ಬೀಗದ ಒಳಗೆ ಏನಾಗುತ್ತದೆ ಅನ್ನುವುದು ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದು ಬರೆಯುವವರೆಗೆ ಅವರಿಗೇ ತಿಳಿದಿರಲಿಲ್ಲ. ಬೀಗದ ಬಗ್ಗೆಯೇ ಹೀಗಾದರೆ ಶಾಲೆ, ಭಾಷೆ, ಸರಕಾರ, ಜಾತಿ ಇವುಗಳ ಬಗ್ಗೆ ನಮಗಿರುವ ಖಾತ್ರಿ ಎಷ್ಟು ಗಟ್ಟಿ ಅಂತ ನಾನು ಯೋಚಿಸುತ್ತೇನೆ.

ಇದು ನನಗೇ ಆದದ್ದು. ನಾನು ಏಳನೇ ತರಗತಿಯವರೆಗೆ ಓದಿದ್ದು ಮುಂಬೈ ಉಪನಗರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ. ಕೆಲವು ವರ್ಷಗಳ ಹಿಂದೆ ಅದು ಮುಚ್ಚಿತು. ಸುದ್ದಿ ಕೇಳಿದ ದಿನ ರಾತ್ರಿ ಊಟ ಸೇರಲಿಲ್ಲ. ಒಂದು ಕನ್ನಡ ಪತ್ರಿಕೆಗೆ ಬರೆಯಲೇಬೇಕು ಅಂತ ಕೂತೆ. ‘ನಮ್ಮ ಶಾಲೆ ಮುಚ್ಚಿದ್ದು ದೊಡ್ಡ ಅನ್ಯಾಯ, ಯಾಕೆಂದರೆ’ ಅಂತ ಬರೆದೆ. ಅಪ್ಪನ ಪೆನ್ನು ನಿಂತ ಜಾಗದಲ್ಲೇ ನನ್ನದೂ ನಿಂತಿತು.

ಯಾಕೆಂದರೆ ಅಲ್ಲಿ ಮಕ್ಕಳು ಓದುತ್ತಿದ್ದರು ಅಂತ ಬರೆಯೋಣವೆಂದರೆ, ಓದುವ ಮಕ್ಕಳು ಬೆರಳೆಣಿಕೆಗೆ ಇಳಿದಿದ್ದರು. ಮಕ್ಕಳು ಕಡಿಮೆಯಾದದ್ದು ಯಾಕೆ? ತಂದೆತಾಯಿ ಇಂಗ್ಲಿಷ್ ಮಾಧ್ಯಮಕ್ಕೆ ಕಳಿಸಿದರು. ಯಾವ ತಂದೆತಾಯಿ? ಈ ಪ್ರಶ್ನೆ ಬರೆದು ನಾನು ಸುಮಾರು ಹೊತ್ತು ಸುಮ್ನೆ ಕೂತೆ. ನನ್ನ ಇಬ್ಬರು ಮಕ್ಕಳೂ ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಆ ಶಾಲೆಯ ಬಾಗಿಲ ಮುಂದೆ ಹಾದುಹೋಗಿಯೇ ಅವರನ್ನು ಬಿಟ್ಟು ಬರುತ್ತಿದ್ದೆ. ಇದು ನನಗೆ ಮೊದಲು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ‘ಅನ್ಯಾಯ’ ಅನ್ನುವ ಪದದ ಪಕ್ಕದಲ್ಲಿ ಅದನ್ನು ಯಾವತ್ತೂ ಇಟ್ಟು ನೋಡಿರಲಿಲ್ಲ. ತಲೆಯೊಳಗೆ ಅವೆರಡೂ ಬೇರೆ ಬೇರೆ ಕೋಣೆಯಲ್ಲಿದ್ದವು. ಹಾಳೆಯ ಮೇಲೆ ಒಂದರ ಕೆಳಗೆ ಒಂದು ಬಂದು ನಿಂತವು.

ಆ ಲೇಖನ ಬರೆಯಲು ನಾಲ್ಕು ಸಂಜೆ ಬೇಕಾಯಿತು. ಕೊನೆಗೆ ಅದರಲ್ಲಿ ಇದ್ದ ಮಾತು ಬೇರೆಯೇ ಆಗಿತ್ತು. ಕನ್ನಡವನ್ನು ಮನೆಯಲ್ಲಿ ಪ್ರೀತಿಸುವ ನಮ್ಮಂಥವರೂ ನಂಬಿ ಮಕ್ಕಳನ್ನು ಕಳಿಸುವ ಹಾಗೆ ಶಾಲೆಯನ್ನು ಬೆಳೆಸುವ ಕೆಲಸ ಇಪ್ಪತ್ತು ವರ್ಷ ಮೊದಲೇ ಶುರುವಾಗಬೇಕಿತ್ತು, ಅದನ್ನು ಕೇಳಬೇಕಾಗಿದ್ದವರು ನಾವೇ, ನಾವು ಕೇಳಲಿಲ್ಲ. ಮೊದಲ ದಿನದ ಸಿಟ್ಟಿಗಿಂತ ಈ ಮಾತು ನನ್ನನ್ನು ಜಾಸ್ತಿ ನೋಯಿಸಿತು. ಆದರೆ ಅದು ನನ್ನದು ಅನ್ನಿಸಿತು.

ಬರೆಯುವುದರಿಂದ ಮನಸ್ಸು ಹಗುರವಾಗುತ್ತದೆ ಅನ್ನುವ ಮಾತೂ ಇದೆಯಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. 1986ರಲ್ಲಿ ಜೇಮ್ಸ್ ಪೆನ್ನಬೇಕರ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಲು ಹೇಳಿದರು. ಕೆಲವರು ತಮ್ಮ ಬದುಕಿನ ದೊಡ್ಡ ನೋವಿನ ಬಗ್ಗೆ, ಕೆಲವರು ಸಾಧಾರಣ ವಿಷಯಗಳ ಬಗ್ಗೆ. ನೋವಿನ ಬಗ್ಗೆ, ಏನಾಯಿತು ಮತ್ತು ಏನನ್ನಿಸಿತು ಎರಡನ್ನೂ ಬರೆದವರಿಗೆ ಆ ಕೂಡಲೇ ಮನಸ್ಸು ಇನ್ನಷ್ಟು ಭಾರವಾಯಿತು. ಆದರೆ ಮುಂದಿನ ಆರು ತಿಂಗಳಲ್ಲಿ ಅವರು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ. ನಂತರ ಇಂಥ ಪ್ರಯೋಗಗಳು ತುಂಬ ನಡೆದವು. ಎಲ್ಲವನ್ನೂ ಒಟ್ಟು ಹಾಕಿ ನೋಡಿದಾಗ ಪರಿಣಾಮ ಸಣ್ಣದು, ಪವಾಡವೇನಲ್ಲ. ನನಗೆ ಇದರಲ್ಲಿ ಮುಖ್ಯ ಅನ್ನಿಸಿದ್ದು ಪೆನ್ನಬೇಕರ್ ಆಮೇಲೆ ಗಮನಿಸಿದ ಇನ್ನೊಂದು ವಿಷಯ. ಹೆಚ್ಚು ಸುಧಾರಿಸಿದವರ ಬರಹದಲ್ಲಿ ದಿನದಿಂದ ದಿನಕ್ಕೆ ಒಂದು ಬಗೆಯ ಪದಗಳು ಹೆಚ್ಚುತ್ತಿದ್ದವು. ‘ಯಾಕೆಂದರೆ’, ‘ಈಗ ಅರ್ಥವಾಗುತ್ತಿದೆ’, ಇಂಥವು. ಮೊದಲ ದಿನ ಬರೀ ನೋವು, ನಾಲ್ಕನೇ ದಿನ ಅದಕ್ಕೊಂದು ಕತೆ.

ಇಲ್ಲಿ ನ್ಯಾಯವಾದ ಪ್ರಶ್ನೆಯೊಂದು ಬರುತ್ತದೆ. ಇಷ್ಟೇ ಆದರೆ ಡೈರಿ ಸಾಕಲ್ವಾ? ಬರೆದು ಕಪಾಟಿನಲ್ಲಿ ಇಟ್ಟರೆ ಆಯಿತು. ಊರಿಗೆಲ್ಲ ಯಾಕೆ ತೋರಿಸಬೇಕು?

ಉತ್ತರಕ್ಕೆ ಮತ್ತೆ ಆ ಹುಡುಗನ ಕಾಗದಕ್ಕೆ ಹೋಗಬೇಕು. ಮೂರು ವಾರದ ಮೇಲೆ ಅಣ್ಣನ ಉತ್ತರ ಬಂತು. ಅವನಿಗೂ ಬರೆಯಲು ಬರುತ್ತಿರಲಿಲ್ಲ, ಊರಿನ ಶಾಲೆಯ ಮೇಷ್ಟ್ರ ಕೈಯಲ್ಲಿ ಬರೆಸಿದ್ದ. ಅಪ್ಪ ಓದಿ ಹೇಳಿದರು. ಗದ್ದೆ ಮಾರಲು ಹೊರಟದ್ದು ಸಾಲಕ್ಕಲ್ಲ. ತಂಗಿಗೆ ಸಂಬಂಧ ಗೊತ್ತಾಗಿದೆ. ನೀನು ಸಣ್ಣವನು, ಚಿಂತೆ ಮಾಡುತ್ತೀಯ ಅಂತ ಹೇಳಿರಲಿಲ್ಲ. ನಿನ್ನ 15 ರೂಪಾಯಿ ಬರುವುದಾದರೆ ಪೂರ್ತಿ ಮಾರುವುದು ಬೇಡ, ಹೊಳೆ ಬದಿಯ ಅರ್ಧ ಮಾತ್ರ ಕೊಡೋಣ. ಹುಡುಗನಿಗೆ ತಂಗಿಯ ಮದುವೆಯ ವಿಷಯವೇ ಗೊತ್ತಿರಲಿಲ್ಲ. ಅಣ್ಣನಿಗೆ ತಮ್ಮ ವಾಪಸ್ ಬರುವ ಆಸೆ ಇಟ್ಟುಕೊಂಡಿದ್ದಾನೆ ಅನ್ನುವುದು ಗೊತ್ತಿರಲಿಲ್ಲ. ‘ಮಾರಬೇಡ’ ಅಂತ ಒಂದು ಸಾಲು ಹೋಗಿದ್ದರೆ ‘ನಿನಗೇನು ಗೊತ್ತು’ ಅಂತ ಒಂದು ಸಾಲು ಬರುತ್ತಿತ್ತು, ಅಷ್ಟೇ. ಕಾರಣ ಬರೆದದ್ದರಿಂದ ಅಣ್ಣನಿಗೆ ಆ ಕಾರಣವನ್ನು ಹಿಡಿದು ಉತ್ತರ ಕೊಡಲು ಆಯಿತು. ‘ಸಾಲಕ್ಕೆ ಅಂತ ತಿಳಿದಿದ್ದೀಯ, ಅದು ತಪ್ಪು’ ಅಂತ ಹೇಳಲು ಆಯಿತು.

ಅಭಿಪ್ರಾಯವನ್ನು ಬರೆದು ಹಂಚುವುದರ ದೊಡ್ಡ ಉಪಯೋಗ ಇದೇ ಅಂತ ನಾನು ನಂಬಿದ್ದೇನೆ. ಡೈರಿ ನಮ್ಮನ್ನು ತಿದ್ದುವುದಿಲ್ಲ. ನಮಗೆ ಗೊತ್ತಿಲ್ಲದ್ದು ನಮ್ಮ ಡೈರಿಯಲ್ಲಿ ಇರಲು ಸಾಧ್ಯವಿಲ್ಲ. ಅದು ಬೇರೆಯವರ ಹತ್ತಿರ ಇರುತ್ತದೆ. ಅವರು ಅದನ್ನು ತಂದುಕೊಡಬೇಕಾದರೆ ನಾವು ಎಲ್ಲಿ ನಿಂತಿದ್ದೇವೆ ಅಂತ ಅವರಿಗೆ ಕಾಣಬೇಕು.

ನನ್ನ ಲೇಖನ ಅಚ್ಚಾದ ಮೇಲೆ ಮೂರು ಉತ್ತರ ಬಂದವು. ಒಂದು ಹೊಗಳಿಕೆ. ಒಂದು ಬೈಗುಳ, ಇಂಗ್ಲಿಷ್ ಶಾಲೆಗೆ ಕಳಿಸಿದವನಿಗೆ ಬರೆಯುವ ಹಕ್ಕು ಎಲ್ಲಿದೆ ಅಂತ. ಮೂರನೆಯದು ಒಬ್ಬ ತಾಯಿಯದು. ಮನೆಗೆಲಸ ಮಾಡುವವರು, ಕಲಬುರಗಿ ಕಡೆಯಿಂದ ಬಂದವರು. ಆ ಶಾಲೆಯಲ್ಲಿ ಕೊನೆಯವರೆಗೂ ಉಳಿದ ಮಕ್ಕಳಲ್ಲಿ ಅವರ ಮಗಳೂ ಒಬ್ಬಳು. ಮಗಳ ಕೈಯಲ್ಲಿ ಬರೆಸಿದ್ದರು. ‘ಅಣ್ಣಾರ, ನೀವು ಇಂಗ್ಲಿಷಿನ ಮ್ಯಾಲ ಬರದೀರಿ. ನಮಗ ಇಂಗ್ಲಿಷಿನ ಚಿಂತಿ ಇರಲಿಲ್ಲ. ಏಳನೇತ್ತ ಮುಗದ ಮ್ಯಾಲ ಹತ್ತಿರ ಕನ್ನಡ ಹೈಸ್ಕೂಲ ಇಲ್ಲ. ಹುಡುಗಿನ್ನ ಎರಡು ಗಾಡಿ ಬದಲಿ ಮಾಡಿ ಕಳಸಾಕ ಆಗಂಗಿಲ್ಲ. ಅದಕ್ಕ ಮಂದಿ ಮೊದಲ ಬಿಡಿಸಿಬಿಟ್ರು.’

ನಾಲ್ಕು ಸಂಜೆ ಕೂತು ಯೋಚಿಸಿದರೂ ಇದು ನನ್ನ ತಲೆಗೆ ಬಂದಿರಲಿಲ್ಲ. ಬರುವ ದಾರಿಯೇ ಇರಲಿಲ್ಲ. ನಾನು ಓದುವಾಗ ಎಂಟನೇ ತರಗತಿಗೆ ಹತ್ತಿರದಲ್ಲೇ ಶಾಲೆ ಇತ್ತು. ನಾನು ನನ್ನಂಥ ತಂದೆತಾಯಿಯ ಬಗ್ಗೆ ಬರೆದು, ಎಲ್ಲ ತಂದೆತಾಯಿಯ ಬಗ್ಗೆ ಬರೆದೆ ಅಂದುಕೊಂಡಿದ್ದೆ.

ಈಗ ಸ್ವಲ್ಪ ಫೋರ್ಟಿನ ಕಡೆ ನಡೆಯೋಣ. ಬರಹದಿಂದ ಅಭಿಪ್ರಾಯ ಹಂಚುವುದು ಯಾಕೆ ಮುಖ್ಯ, ಅದಕ್ಕೆ ಅಧಿಕಾರದಲ್ಲಿದ್ದವರು ಯಾಕೆ ಹೆದರುತ್ತಾರೆ ಅನ್ನುವುದನ್ನು ಈ ಒಂದೆರಡು ಕಿಲೋಮೀಟರಿನಲ್ಲೇ ನೋಡಬಹುದು. ಸಿಎಸ್‌ಎಂಟಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಸ್ಟೇಷನ್ನಿನಿಂದ ಹೊರಗೆ ಬಂದರೆ ಜನರಲ್ ಪೋಸ್ಟ್ ಆಫೀಸು. 1913ರಲ್ಲಿ ಮುಗಿದ ಕಟ್ಟಡ. ಅದರ ಗುಮ್ಮಟಕ್ಕೆ ಮಾದರಿ ನಮ್ಮ ವಿಜಯಪುರದ ಗೋಲಗುಮ್ಮಟ. ಇದನ್ನು ತಿಳಿದ ದಿನ ನನಗೆ ತುಂಬ ಸಂತೋಷವಾಯಿತು, ಅಪ್ಪನ ಕೈಯ ಕಾಗದಗಳೆಲ್ಲ ಒಂದು ಕನ್ನಡದ ನೆರಳು ದಾಟಿ ಊರಿಗೆ ಹೋದವು ಅಂತ. ಈ ಕಟ್ಟಡದ ಎದುರಿಗೆ ಬಹಳ ಕಾಲ ಕಾಗದ ಬರೆದುಕೊಡುವವರು ಸಾಲಾಗಿ ಕೂರುತ್ತಿದ್ದರು. ಅಕ್ಷರ ಬಾರದ ಕೂಲಿಗಳು, ಮನೆ ಬಿಟ್ಟು ಬಂದ ಹೆಂಗಸರು ಅವರ ಮುಂದೆ ಕೂತು ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತಿದ್ದರು.

ಅಲ್ಲಿಂದ ದಕ್ಷಿಣಕ್ಕೆ ನಡೆದರೆ ಹಾರ್ನಿಮನ್ ಸರ್ಕಲ್. ಅಲ್ಲೇ ಮುಂಬೈ ಸಮಾಚಾರ್ ಪತ್ರಿಕೆಯ ಕೆಂಪು ಕಟ್ಟಡ. 1822ರ ಜುಲೈ 1ರಂದು ಶುರುವಾದ ಈ ಗುಜರಾತಿ ಪತ್ರಿಕೆ ಇವತ್ತಿಗೂ ಬರುತ್ತಿದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದೂ ಜುಲೈ 1ರಂದೇ, 1843ರಲ್ಲಿ. ಸರ್ಕಲ್ಲಿಗೆ ಹೆಸರು ಕೊಟ್ಟ ಬೆಂಜಮಿನ್ ಹಾರ್ನಿಮನ್ ಇಂಗ್ಲೆಂಡಿನವರು, ಬಾಂಬೆ ಕ್ರಾನಿಕಲ್ ಪತ್ರಿಕೆಯ ಸಂಪಾದಕರು. ವಿಚಾರಣೆಯಿಲ್ಲದೆ ಜನರನ್ನು ಬಂಧನದಲ್ಲಿಡಲು ಅವಕಾಶ ಕೊಟ್ಟ ರೌಲಟ್ ಕಾಯ್ದೆಯ ವಿರುದ್ಧ ಬರೆದರು, ಜಲಿಯನ್‌ವಾಲಾ ಬಾಗ್ ನಡೆದ ಏಪ್ರಿಲ್ 1919ರಲ್ಲೇ ಅವರನ್ನು ದೇಶದಿಂದ ಹೊರಗೆ ಹಾಕಿದರು. ತಮ್ಮದೇ ದೇಶದವನನ್ನು ಹಡಗು ಹತ್ತಿಸುವಷ್ಟು ಆ ಸರಕಾರಕ್ಕೆ ಭಯ ಇತ್ತು.

ಇನ್ನೂ ಸ್ವಲ್ಪ ಮುಂದೆ ಹೈಕೋರ್ಟು. 1908ರ ಜುಲೈಯಲ್ಲಿ ಇಲ್ಲಿ ಬಾಲಗಂಗಾಧರ ತಿಲಕರ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಅವರು ಮಾಡಿದ್ದ ‘ಅಪರಾಧ’ ಪುಣೆಯ ಕೇಸರಿ ಪತ್ರಿಕೆಯಲ್ಲಿ ಬರೆದ ಲೇಖನಗಳು. ಒಂಬತ್ತು ಜನ ಜ್ಯೂರಿಯಲ್ಲಿ ಏಳು ಜನ ತಪ್ಪಿತಸ್ಥ ಅಂದರು, ಇಬ್ಬರು ಅಲ್ಲ ಅಂದರು. ಆರು ವರ್ಷ ಶಿಕ್ಷೆಯಾಗಿ ಬರ್ಮಾದ ಮಂಡಾಲೆ ಜೈಲಿಗೆ ಹೋದರು. ಮುಂಬೈಯ ಗಿರಣಿ ಕಾರ್ಮಿಕರು ಶಿಕ್ಷೆಯ ಒಂದೊಂದು ವರ್ಷಕ್ಕೆ ಒಂದೊಂದು ದಿನದಂತೆ ಆರು ದಿನ ಕೆಲಸ ನಿಲ್ಲಿಸಿದರು. ಈ ವಿಚಾರಣೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಒಂದು ವಿವರ ಇದೆ. ತಿಲಕರು ತಮ್ಮ ವಾದವನ್ನು ತಾವೇ ಮಂಡಿಸಿದರು. ನ್ಯಾಯಾಲಯದ ಮುಂದಿರುವ ಇಂಗ್ಲಿಷ್ ಅನುವಾದ ಸರಿಯಿಲ್ಲ, ನನ್ನ ಮರಾಠಿ ಪದಗಳಿಗೆ ಅದು ಅರ್ಥವಲ್ಲ ಅಂತ ಹೇಳಿದರು. ಒಬ್ಬ ಮನುಷ್ಯ ತನ್ನ ಜನಕ್ಕೆ ತನ್ನ ಭಾಷೆಯಲ್ಲಿ ಬರೆದದ್ದನ್ನು, ಆ ಭಾಷೆ ಬಾರದವರು ಬೇರೆ ಭಾಷೆಯಲ್ಲಿ ತೂಗಿ ಶಿಕ್ಷೆ ಕೊಟ್ಟರು.

ಹನ್ನೆರಡು ವರ್ಷಗಳ ನಂತರ ಇದೇ ಊರಿನಲ್ಲಿ ಇನ್ನೊಂದು ಪತ್ರಿಕೆ ಹುಟ್ಟಿತು. 1920ರ ಜನವರಿ 31ರಂದು ಅಂಬೇಡ್ಕರರು ‘ಮೂಕನಾಯಕ’ ಶುರುಮಾಡಿದರು. ಆಗ ಅವರಿಗೆ 28 ವರ್ಷ, ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಕೊಲ್ಲಾಪುರದ ಶಾಹು ಮಹಾರಾಜರು 2500 ರೂಪಾಯಿ ಕೊಟ್ಟಿದ್ದರು. ಆ ಪತ್ರಿಕೆಯ ಜಾಹೀರಾತನ್ನು ದುಡ್ಡು ಕೊಡುತ್ತೇವೆ ಅಂದರೂ ಕೇಸರಿ ಹಾಕಲಿಲ್ಲ. ಬರಹಕ್ಕಾಗಿ ಜೈಲು ಕಂಡ ಪತ್ರಿಕೆಯೂ ಎಲ್ಲರ ಬರಹಕ್ಕೆ ಜಾಗ ಕೊಡಲಿಲ್ಲ. ಅಭಿಪ್ರಾಯ ಹಂಚುವುದರ ಬಗ್ಗೆ ಮಾತಾಡುವಾಗ ಇದನ್ನು ನಾವು ಮರೆಯಬಾರದು. ಯಾರ ಮಾತು ಅಚ್ಚಾಗುತ್ತದೆ, ಯಾರದ್ದು ಆಗುವುದಿಲ್ಲ ಅನ್ನುವುದು ಕೂಡ ಆ ವಿಷಯದ ಭಾಗ.

ಮೊದಲ ಸಂಚಿಕೆಯಲ್ಲೇ ಅಂಬೇಡ್ಕರರು ಹಿಂದೂ ಸಮಾಜವನ್ನು ಒಂದು ಗೋಪುರಕ್ಕೆ ಹೋಲಿಸಿದರು. ಒಂದೊಂದು ಜಾತಿಗೆ ಒಂದೊಂದು ಮಹಡಿ. ಆದರೆ ಮಹಡಿಗಳ ನಡುವೆ ಮೆಟ್ಟಿಲಿಲ್ಲ. ಯಾವ ಮಹಡಿಯಲ್ಲಿ ಹುಟ್ಟಿದರೋ ಅಲ್ಲೇ ಸಾಯಬೇಕು. ಮುಂಬೈಯಲ್ಲಿ ಮಹಡಿ, ಮೆಟ್ಟಿಲು ಗೊತ್ತಿಲ್ಲದವರು ಯಾರು? ಓದಿದವರಿಗೆ ತಮ್ಮ ಚಾಳಿನ ಮೆಟ್ಟಿಲೇ ಕಣ್ಣಿಗೆ ಬಂದಿರಬೇಕು. ಜನ ದಿನಾ ಅನುಭವಿಸುತ್ತಿದ್ದ, ಆದರೆ ಹೆಸರಿಟ್ಟು ಹೇಳಲಾಗದ ಒಂದು ನೋವಿಗೆ ಆ ಬರಹ ಆಕಾರ ಕೊಟ್ಟಿತು. ‘ನನಗೆ ಹೀಗೇ ಅನ್ನಿಸುತ್ತಿತ್ತು, ಹೇಳಲು ಬರುತ್ತಿರಲಿಲ್ಲ’ ಅಂತ ಓದುಗನಿಗೆ ಅನ್ನಿಸುವುದು ಇಂಥ ಕಡೆ. ಮೂಕನಾಯಕ 1923ರ ಹೊತ್ತಿಗೆ ನಿಂತುಹೋಯಿತು. ಆ ಗೋಪುರದ ಚಿತ್ರ ನೂರು ವರ್ಷ ದಾಟಿ ಇನ್ನೂ ಕೆಲಸ ಮಾಡುತ್ತಿದೆ.

ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ. ನಮ್ಮ ಸಂವಿಧಾನದ 19(1)(ಎ) ವಿಧಿ ಮಾತಿನ ಮತ್ತು ಅಭಿವ್ಯಕ್ತಿಯ ಸ್ವಾತಂತ್ರ್ಯ ಕೊಡುತ್ತದೆ, 19(2) ಅದಕ್ಕೆ ಮಿತಿ ಹೇಳುತ್ತದೆ. 2012ರಲ್ಲಿ ಮುಂಬೈ ಹತ್ತಿರದ ಪಾಲ್ಘರ್‌ನಲ್ಲಿ, ಊರು ಬಂದ್ ಆದದ್ದರ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದ ಯುವತಿಯನ್ನೂ ಅದನ್ನು ಲೈಕ್ ಮಾಡಿದ ಅವಳ ಗೆಳತಿಯನ್ನೂ ಬಂಧಿಸಿದ್ದರು. ಆ ಬಂಧನಕ್ಕೆ ಬಳಸಿದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು 2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು. ಚರ್ಚೆ ಮಾಡುವುದು ಬೇರೆ, ಒಂದು ನಿಲುವನ್ನು ಎತ್ತಿ ಹಿಡಿಯುವುದು ಬೇರೆ, ಪ್ರಚೋದಿಸುವುದು ಬೇರೆ ಅಂತ ಕೋರ್ಟು ಬಿಡಿಸಿ ಹೇಳಿತು. ಮೊದಲ ಎರಡು, ಎಷ್ಟು ಅಪ್ರಿಯವಾಗಿದ್ದರೂ, ಆ ಸ್ವಾತಂತ್ರ್ಯದ ಒಳಗೇ ಇವೆ.

ಆದರೆ ನಮ್ಮಲ್ಲಿ ಹೆಚ್ಚಿನವರನ್ನು ತಡೆಯುವುದು ಕಾನೂನಿನ ಭಯಕ್ಕಿಂತ ಬೇರೆ ಒಂದು ಅಳುಕು. ‘ನಾನು ಬರೆದರೆ ಏನಾದೀತು? ನನ್ನ ಮಾತು ಯಾರಿಗೆ ಬೇಕು?’ ಮುಂಬೈಯ ಕನ್ನಡಿಗರಲ್ಲಿ ಇದು ಇನ್ನೂ ಜಾಸ್ತಿ. ಮನೆಯಲ್ಲಿ ತುಳುವೋ ಕೊಂಕಣಿಯೋ, ಬೀದಿಯಲ್ಲಿ ಮರಾಠಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್, ಕನ್ನಡ ಎಲ್ಲೋ ನಡುವೆ. ‘ನನ್ನ ಕನ್ನಡ ಅಷ್ಟು ಶುದ್ಧವಿಲ್ಲ’ ಅಂತ ಹಿಂಜರಿಯುತ್ತಾರೆ. ಅವರಿಗೆ ನಾನು ಕತೆಗಾರ, ಕಾದಂಬರಿಕಾರ ಯಶವಂತ ಚಿತ್ತಾಲರ ಉದಾಹರಣೆ ಕೊಡುತ್ತೇನೆ. ವೃತ್ತಿಯಿಂದ ರಸಾಯನ ತಂತ್ರಜ್ಞರು. ಬಾಂದ್ರಾದ ಸಮುದ್ರದ ದಂಡೆಯಲ್ಲಿ ಕೂತು ಉತ್ತರ ಕನ್ನಡದ ಹನೇಹಳ್ಳಿಯ ಬಗ್ಗೆ ಜೀವಮಾನವಿಡೀ ಬರೆದರು. ಎದುರಿಗಿಲ್ಲದ ಊರಿಗೆ ಮಾತು ತಲುಪಿಸುವ ಆ ಆಸೆಗೂ ಹೋಟೆಲಿನ ಮೇಜಿನ ಮೇಲೆ ಬಿಚ್ಚಿದ ಇನ್‌ಲ್ಯಾಂಡ್ ಲೆಟರಿಗೂ ದೂರದ ಸಂಬಂಧ ಇದೆ ಅಂತ ನನಗೆ ಯಾವಾಗಲೂ ಅನ್ನಿಸಿದೆ. ಇನ್ನು ಶುದ್ಧತೆಯ ಮಾತು. ನನ್ನ ಲೇಖನಕ್ಕೆ ಬಂದ ಉತ್ತರಗಳಲ್ಲಿ ಅತ್ಯಂತ ಬೆಲೆಯದ್ದು ‘ಕಳಸಾಕ ಆಗಂಗಿಲ್ಲ’ ಅನ್ನುವ ಕನ್ನಡದಲ್ಲಿತ್ತು.

ಏನಾದರೂ ಬದಲಾಗುತ್ತದೆಯೇ ಅಂತ ಕೇಳಿದರೆ, ಕೂಡಲೇ ಆಗುವುದು ಅಪರೂಪ. ನನ್ನ ಲೇಖನದಿಂದ ಶಾಲೆಯೇನೂ ತೆರೆಯಲಿಲ್ಲ. ಅಪ್ಪ ಬರೆದ ಕಾಗದದಿಂದಲೂ ಉಳಿದದ್ದು ಅರ್ಧ ಗದ್ದೆ. ಆದರೆ ಒಂದು ಮಾತು ಹೇಳಬಲ್ಲೆ. ಆ ತಾಯಿಯ ಕಾಗದ ಬರುವವರೆಗೆ ಇದು ಭಾಷೆಯ ಮೇಲಿನ ಪ್ರೀತಿಯ ಪ್ರಶ್ನೆ ಅಂತ ತಿಳಿದಿದ್ದೆ. ಈಗ ಅದು ಏಳನೇ ತರಗತಿಯಿಂದ ಎಂಟನೆಯದಕ್ಕೆ ಹೋಗುವ ದಾರಿಯ ಪ್ರಶ್ನೆಯಾಗಿಯೂ ಕಾಣುತ್ತಿದೆ. ದಾರಿಯ ಬಗ್ಗೆಯಾದರೆ ಏನಾದರೂ ಮಾಡಬಹುದು.

ಎರಡನೇ ಲೇಖನ ಶುರುಮಾಡಿದ್ದೇನೆ. ‘ನಮ್ಮ ಶಾಲೆಗಳಿಂದ ಹುಡುಗಿಯರು ಮೊದಲು ಬಿಟ್ಟರು, ಯಾಕೆಂದರೆ’ ಅನ್ನುವಲ್ಲಿಗೆ ನಿಂತಿದೆ. ಮುಂದಿನದ್ದು ನನಗೆ ಗೊತ್ತಿಲ್ಲ. ಶನಿವಾರ ರಜೆ. ಆ ತಾಯಿ ಕೆಲಸ ಮುಗಿಸಿ ಮೂರು ಗಂಟೆಗೆ ಮನೆಯಲ್ಲಿರುತ್ತಾರಂತೆ, ಅಕ್ಕಪಕ್ಕದ ಮನೆಯವರನ್ನೂ ಕರೆದಿಡುತ್ತೇನೆ ಅಂದಿದ್ದಾರೆ. ಒಂದು ಹೊಸ ನೋಟ್‌ಬುಕ್ ತೆಗೆದುಕೊಂಡು ಹೋಗುತ್ತೇನೆ.